ನೆಟ್ ಸಿಗದ ಊರಿಗೆ ವಿಕಿಪೀಡಿಯ ತಗೊಂಡು ಹೋಗುವುದು ಹೇಗೆ

ನಮ್ಮ ಅಕ್ಕನ ಮನೆ ಖಾನಾಪುರ ತಾಲ್ಲೂಕಿನಲ್ಲಿದೆ. ಜಾಂಬೋಟಿ ದಾಟಿ ಒಳಗೆ ಹೋಗಬೇಕು, ಕಾಡಿನ ಅಂಚು. ಬೆಳಗಾವಿಯಲ್ಲಿ ಬಸ್ ಹತ್ತಿದಾಗ ಫೋನಿನಲ್ಲಿ ನೆಟ್‌ವರ್ಕ್ ಕಡ್ಡಿ ನಾಲ್ಕಿರುತ್ತವೆ, ಅಕ್ಕನ ಮನೆ ಅಂಗಳಕ್ಕೆ ಕಾಲಿಡುವಷ್ಟರಲ್ಲಿ ಒಂದೂ ಇರುವುದಿಲ್ಲ. ಮಳೆಗಾಲದಲ್ಲಿ ಕರೆಂಟೂ ಹೋಗುತ್ತದೆ. ಹೋದರೆ ಎರಡು ದಿನ, ಮೂರು ದಿನ.

ಎರಡು ವರ್ಷದ ಹಿಂದೆ ಒಂದು ಜುಲೈನಲ್ಲಿ ಹೋಗಿದ್ದೆ. ಅಕ್ಕನ ಮಗ ಏಳನೇ ಕ್ಲಾಸು, ನದಿ ಬಗ್ಗೆ ಪ್ರಾಜೆಕ್ಟ್ ಬರೆಯುತ್ತಾ ಕೂತಿದ್ದ. "ಮಾಮಾ, ಮಲಪ್ರಭಾ ಇಲ್ಲೇ ಕಣಕುಂಬಿಯಾಗ ಹುಟ್ತದಲ್ಲ, ಮುಂದ ಎಲ್ಲೆಲ್ಲಿ ಹೋಗ್ತದ? ಎಷ್ಟು ಉದ್ದ ಐತಿ?" ಅಂದ. ಕೂಡಲಸಂಗಮದಲ್ಲಿ ಕೃಷ್ಣೆಗೆ ಸೇರುತ್ತದೆ ಅಂತ ಹೇಳಿದೆ, ಸವದತ್ತಿ ಹತ್ತಿರ ನವಿಲುತೀರ್ಥದಲ್ಲಿ ಅಣೆಕಟ್ಟು ಇದೆ ಅಂತಲೂ ಹೇಳಿದೆ. ಉದ್ದ ಎಷ್ಟು, ಎಷ್ಟು ಎತ್ತರದಲ್ಲಿ ಹುಟ್ಟುತ್ತದೆ, ಅದು ಬಾಯಿಗೆ ಬರಲಿಲ್ಲ. ನದಿ ಹುಟ್ಟುವ ಜಾಗದ ಪಕ್ಕದಲ್ಲೇ ಇರುವ ಹುಡುಗನಿಗೆ ಆ ನದಿ ಬಗ್ಗೆ ಓದಲು ಏನೂ ಸಿಗಲಿಲ್ಲ. ಅವತ್ತು ಬಹಳ ಬೇಜಾರಾಯಿತು. ಮುಂದಿನ ಸಲ ಹೋಗುವಾಗ ಪೂರ್ತಿ ಕನ್ನಡ ವಿಕಿಪೀಡಿಯ ಫೋನಿಗೆ ಹಾಕಿಕೊಂಡೇ ಹೋದೆ. ಈಗ ಅವರ ಮನೆಯ ಹಳೇ ಫೋನಿನಲ್ಲೂ ಅದು ಇದೆ.

ಇದನ್ನು ಮಾಡುವುದು ಕಷ್ಟವಲ್ಲ. ದುಡ್ಡೂ ಬೇಕಿಲ್ಲ, ಆಪ್ ಉಚಿತ, ವಿಕಿಪೀಡಿಯವಂತೂ ಉಚಿತ. ಆದರೆ ಕೆಲವು ಕಡೆ ಜನ ಸಿಕ್ಕಿಹಾಕಿಕೊಂಡು ಅರ್ಧಕ್ಕೆ ಬಿಡುತ್ತಾರೆ. ನಾನೂ ಆ ಜಾಗಗಳಲ್ಲೇ ಸಿಕ್ಕಿಕೊಂಡಿದ್ದೆ, ಹಾಗಾಗಿ ಅವನ್ನು ಸ್ವಲ್ಪ ಬಿಡಿಸಿ ಬರೆಯುತ್ತೇನೆ.

ಏನೇನು ಬೇಕು

ಎರಡೇ ವಸ್ತು. ಒಂದು, ಕಿವಿಕ್ಸ್ ಅನ್ನುವ ಆಪ್. ಎರಡು, ಝಿಮ್ ಫೈಲ್. ವಿಡಿಯೋ ನೋಡಲು ಪ್ಲೇಯರ್ ಬೇಕು, ವಿಡಿಯೋ ಫೈಲೂ ಬೇಕು ಅಲ್ವಾ, ಇದೂ ಹಾಗೇ. ಕಿವಿಕ್ಸ್ ಪ್ಲೇಯರ್, ಝಿಮ್ ಅಂದರೆ ಪುಸ್ತಕ.

ಕಿವಿಕ್ಸ್ ಅನ್ನು 2007ರಲ್ಲಿ ಎಮ್ಯಾನುಯೆಲ್ ಎಂಗಲ್‌ಹಾರ್ಟ್ ಮತ್ತು ರೆನೋ ಗೋಡ್ಯಾನ್ ಶುರು ಮಾಡಿದರು. ಇವತ್ತಿಗೂ ಲಾಭಕ್ಕಾಗಿ ನಡೆಯದ ಸಂಸ್ಥೆಯೇ ಅದನ್ನು ನೋಡಿಕೊಳ್ಳುತ್ತದೆ, ಸ್ವಿಟ್ಜರ್ಲೆಂಡಿನಿಂದ. ಆಪಿನಲ್ಲಿ ಜಾಹೀರಾತು ಇಲ್ಲ. ಆಂಡ್ರಾಯ್ಡ್, ಐಫೋನ್, ವಿಂಡೋಸ್, ಲಿನಕ್ಸ್, ಮ್ಯಾಕ್ ಎಲ್ಲದಕ್ಕೂ ಇದೆ.

ಝಿಮ್ ಫೈಲಿನ ಒಂದು ಗುಣ ಗೊತ್ತಿರಲಿ. ಅದರೊಳಗೆ ಲೇಖನ, ಚಿತ್ರ, ಹುಡುಕಲು ಬೇಕಾದ ಸೂಚಿ ಎಲ್ಲವನ್ನೂ ಒತ್ತಿ ಒತ್ತಿ ತುಂಬಿರುತ್ತಾರೆ. ಆದರೆ ಜಿಪ್ ಫೈಲಿನ ಹಾಗೆ ಮೊದಲು ಬಿಚ್ಚಿ ಆಮೇಲೆ ಓದಬೇಕು ಅಂತಿಲ್ಲ. ನೀವು ಯಾವ ಲೇಖನ ಕೇಳುತ್ತೀರೋ ಆ ತುಂಡನ್ನು ಮಾತ್ರ ಕಿವಿಕ್ಸ್ ಬಿಚ್ಚಿ ತೋರಿಸುತ್ತದೆ. ಅದಕ್ಕೇ ಹಳೇ ಫೋನಿನಲ್ಲೂ ಓಡುತ್ತದೆ. ಯಾರಾದರೂ "ಎಕ್ಸ್‌ಟ್ರಾಕ್ಟ್ ಮಾಡು" ಅಂದರೆ ಮಾಡಬೇಡಿ, ಬೇಕಿಲ್ಲ.

ಇನ್ನೊಂದು ಮಾತು. ಹುಡುಕಾಡುವಾಗ ವಿಕಿಮೀಡಿಯ ಡಂಪ್ ಅಂತ ಒಂದು ಸಿಗುತ್ತದೆ. ಅದು ಓದುವವರಿಗಲ್ಲ. ಅದರಲ್ಲಿ ಲೇಖನಗಳ ಕಚ್ಚಾ ರೂಪ ಇರುತ್ತದೆ, ಕೋಡು ಚಿಹ್ನೆಗಳ ಸಮೇತ. ಪ್ರೋಗ್ರಾಮ್ ಬರೆಯುವವರಿಗೆ, ಸಂಶೋಧನೆ ಮಾಡುವವರಿಗೆ ಅದು ಬೇಕು. ನಮಗೆ ಝಿಮ್ ಸಾಕು.

ಬರೀ ಹತ್ತಿಪ್ಪತ್ತು ಲೇಖನ ಇದ್ದರೆ ಸಾಕು ಅನ್ನುವವರಿಗೆ ಇದಕ್ಕಿಂತ ಸುಲಭದ ದಾರಿ ಇದೆ. ವಿಕಿಪೀಡಿಯದ್ದೇ ಆಪಿನಲ್ಲಿ ಲೇಖನ ಉಳಿಸಿಕೊಂಡರೆ ನೆಟ್ ಇಲ್ಲದಾಗಲೂ ತೆರೆಯುತ್ತದೆ. ಬಾದಾಮಿ, ಐಹೊಳೆ, ಪಟ್ಟದಕಲ್ಲು ಅಂತ ಒಂದು ದಿನದ ಪ್ರವಾಸ ಹೊರಟಿದ್ದರೆ ಆ ಮೂರು ಪುಟ, ಚಾಲುಕ್ಯರ ಪುಟ ಒಂದು, ಅಷ್ಟು ಉಳಿಸಿಕೊಂಡು ಹೋಗಿ. ಆದರೆ ಮಕ್ಕಳ ಪ್ರಶ್ನೆ ಯಾವತ್ತೂ ನಾವು ಉಳಿಸಿಕೊಂಡ ಪುಟದೊಳಗೆ ಇರುವುದಿಲ್ಲ. ವಿರೂಪಾಕ್ಷ ದೇವಸ್ಥಾನವನ್ನು ರಾಣಿ ಲೋಕಮಹಾದೇವಿ ಕಟ್ಟಿಸಿದಳು, ಗಂಡ ಎರಡನೇ ವಿಕ್ರಮಾದಿತ್ಯ ಕಂಚಿಯ ಪಲ್ಲವರನ್ನು ಗೆದ್ದ ನೆನಪಿಗೆ ಅಂತ ಓದಿ ಹೇಳಿದ ಕೂಡಲೇ ಮುಂದಿನ ಪ್ರಶ್ನೆ ಬರುತ್ತದೆ, "ಪಲ್ಲವರು ಯಾರು?" ಆಗ ಆ ಪುಟ ನಿಮ್ಮ ಹತ್ತಿರ ಇರುವುದಿಲ್ಲ. ಪೂರ್ತಿ ಪ್ರತಿ ಇಟ್ಟುಕೊಳ್ಳುವುದರ ಸುಖ ಇರುವುದೇ ಇಲ್ಲಿ. ಒಂದು ಕೊಂಡಿ ಒತ್ತಿದರೆ ಇನ್ನೊಂದು ತೆರೆಯುತ್ತದೆ, ಅಲ್ಲಿಂದ ಮತ್ತೊಂದು.

ಮೊದಲು ಕನ್ನಡದ್ದು

ನನ್ನ ಗಟ್ಟಿ ಸಲಹೆ ಇದು. ಎಲ್ಲರೂ ಮೊದಲು ಇಂಗ್ಲಿಷ್ ವಿಕಿಪೀಡಿಯದ ಕಡೆ ಓಡುತ್ತಾರೆ, ನೂರು ಜಿಬಿ ನೋಡಿ ಹೆದರುತ್ತಾರೆ, ಅಲ್ಲಿಗೆ ಬಿಡುತ್ತಾರೆ. ಕನ್ನಡ ವಿಕಿಪೀಡಿಯ 2003ರಲ್ಲಿ ಶುರುವಾಯಿತು, ಇವತ್ತು ಅದರಲ್ಲಿ ಮೂವತ್ತು ಸಾವಿರಕ್ಕೂ ಜಾಸ್ತಿ ಲೇಖನಗಳಿವೆ. ಅಷ್ಟನ್ನೂ ಚಿತ್ರದ ಸಮೇತ ಇಳಿಸಿಕೊಂಡರೂ 4 ಜಿಬಿಯ ಒಳಗೇ ಬರುತ್ತದೆ. ಸಾಮಾನ್ಯ ಫೋನಿನಲ್ಲಿ ಜಾಗ ಸಿಗುತ್ತದೆ. ಅಜ್ಜಿಯಿಂದ ಹಿಡಿದು ಮೊಮ್ಮಗನ ತನಕ ಮನೆಯವರೆಲ್ಲ ಅದನ್ನು ಬಳಸಬಹುದು.

ಆಂಡ್ರಾಯ್ಡ್ ಫೋನಿನಲ್ಲಿ ಮಾಡುವುದು ಹೀಗೆ. ಪ್ಲೇ ಸ್ಟೋರಿನಿಂದ ಕಿವಿಕ್ಸ್ ಹಾಕಿಕೊಳ್ಳಿ. ತೆರೆದರೆ ಒಂದು ಕಡೆ ನಿಮ್ಮ ಫೋನಿನಲ್ಲಿರುವ ಪುಸ್ತಕಗಳ ಪಟ್ಟಿ, ಇನ್ನೊಂದು ಕಡೆ ಇಳಿಸಿಕೊಳ್ಳಲು ಸಿಗುವ ಪುಸ್ತಕಗಳ ಪಟ್ಟಿ. ಎರಡನೆಯದಕ್ಕೆ ಹೋಗಿ. ಪಟ್ಟಿ ಬಹಳ ಉದ್ದ, ಪ್ರಪಂಚದ ಭಾಷೆಗಳೆಲ್ಲ ಇವೆ, ಹಾಗಾಗಿ ಭಾಷೆಯ ಗುರುತು ಒತ್ತಿ ಕನ್ನಡ ಆರಿಸಿ. ಆಗ ಪಟ್ಟಿ ಚಿಕ್ಕದಾಗುತ್ತದೆ.

ಅಲ್ಲಿ ಒಂದೇ ವಿಕಿಪೀಡಿಯ ಎರಡು ಮೂರು ಸಲ ಕಂಡರೆ ಗಾಬರಿಯಾಗಬೇಡಿ. ಮಿನಿ, ನೋಪಿಕ್, ಮ್ಯಾಕ್ಸಿ ಅಂತ ಮೂರು ಬಗೆ. ಮಿನಿಯಲ್ಲಿ ಪ್ರತಿ ಲೇಖನದ ಮೊದಲ ಭಾಗ ಮತ್ತು ಪಕ್ಕದ ಮಾಹಿತಿ ಚೌಕ ಮಾತ್ರ ಇರುತ್ತದೆ. ನೋಪಿಕ್‌ನಲ್ಲಿ ಬರಹ ಪೂರ್ತಿ, ಚಿತ್ರ ಇಲ್ಲ. ಮ್ಯಾಕ್ಸಿಯಲ್ಲಿ ಬರಹವೂ ಪೂರ್ತಿ, ಚಿತ್ರವೂ ಇರುತ್ತದೆ, ಚಿತ್ರದ ಗಾತ್ರ ಮಾತ್ರ ಪುಟದಲ್ಲಿ ಕಾಣುವಷ್ಟೇ, ದೊಡ್ಡದು ಮಾಡಿ ನೋಡಲು ಆಗುವುದಿಲ್ಲ. ಕನ್ನಡದ ಮಟ್ಟಿಗೆ ಯೋಚನೆ ಮಾಡದೆ ಮ್ಯಾಕ್ಸಿ ತಗೊಳ್ಳಿ. ಹಕ್ಕಿ, ಗಿಡ, ಹಾವು ಇವುಗಳ ಲೇಖನ ಚಿತ್ರವಿಲ್ಲದೆ ಓದಿದರೆ ಮಕ್ಕಳಿಗೆ ಏನೂ ಗುರುತು ಸಿಗುವುದಿಲ್ಲ.

ಪ್ರತಿ ಹೆಸರಿನ ಪಕ್ಕದಲ್ಲಿ ಗಾತ್ರ ಮತ್ತು ದಿನಾಂಕ ಇರುತ್ತದೆ. ದಿನಾಂಕ ಅಂದರೆ ಆ ತಿಂಗಳಿನ ವಿಕಿಪೀಡಿಯ ಹೇಗಿತ್ತೋ ಹಾಗೆ ತೆಗೆದ ಪ್ರತಿ. ಹೊಸದನ್ನೇ ಆರಿಸಿ. ಇಳಿಸುವ ಮೊದಲು ಸೆಟ್ಟಿಂಗ್ಸ್‌ನಲ್ಲಿ ಎಲ್ಲಿ ಉಳಿಸಬೇಕು ಅನ್ನುವುದನ್ನು ನೋಡಿಕೊಳ್ಳಿ, ಫೋನಿನ ಒಳಗೋ, ಮೆಮೊರಿ ಕಾರ್ಡಿಗೋ. ವೈಫೈ ಇದ್ದಾಗ ಮಾತ್ರ ಇಳಿಸು ಅನ್ನುವ ಆಯ್ಕೆಯೂ ಅಲ್ಲೇ ಇದೆ, ಹಾಕಿಡಿ. ದಿನದ ಡೇಟಾ ಒಂದೂವರೆ ಜಿಬಿ ಇರುವವರಿಗೆ ಇದು ಮುಖ್ಯ.

ಐಫೋನಿನಲ್ಲೂ ಹೆಚ್ಚು ಕಡಿಮೆ ಇದೇ ದಾರಿ. ಮೆಮೊರಿ ಕಾರ್ಡಿನ ಮಾತು ಮಾತ್ರ ಇಲ್ಲ.

ಅದೇ ಕನ್ನಡ ಪಟ್ಟಿಯಲ್ಲಿ ವಿಕ್ಷನರಿ, ವಿಕಿಸೋರ್ಸ್ ಕೂಡ ನೋಡಿ. ವಿಕ್ಷನರಿ ಅಂದರೆ ನಿಘಂಟು. ವಿಕಿಸೋರ್ಸ್‌ನಲ್ಲಿ ವಚನಗಳು, ಹಳೇ ಪುಸ್ತಕಗಳು. ಬಸವನಬಾಗೇವಾಡಿ, ಕೂಡಲಸಂಗಮದ ಕಡೆ ಹೋಗುವಾಗ ಬಸ್ಸಿನಲ್ಲಿ ವಚನ ಓದಿಕೊಂಡು ಹೋಗಬಹುದು, ನೆಟ್ ಬೇಕಿಲ್ಲ.

ಮೆಮೊರಿ ಕಾರ್ಡಿನ ವಿಷಯ ಸ್ವಲ್ಪ ನಿಧಾನವಾಗಿ ಓದಿ

ಜನ ಜಾಸ್ತಿ ಸೋಲುವುದು ಇಲ್ಲೇ. ನನಗೂ ಎರಡು ಸಲ ಪೆಟ್ಟು ಬಿದ್ದಿದೆ.

ಮೊದಲನೆಯದು. ಕನ್ನಡ ಹಾಕಿದ ಮೇಲೆ ಧೈರ್ಯ ಬಂತು, ಇಂಗ್ಲಿಷಿನದ್ದೂ ಒಂದು ದೊಡ್ಡ ಫೈಲ್ ಲ್ಯಾಪ್‌ಟಾಪಿನಲ್ಲಿ ಇಳಿಸಿ 32 ಜಿಬಿ ಕಾರ್ಡಿಗೆ ಕಾಪಿ ಮಾಡಲು ಹೋದೆ. ಫೈಲ್ ಇದ್ದದ್ದು ಹನ್ನೊಂದು ಜಿಬಿ, ಕಾರ್ಡಿನಲ್ಲಿ ಖಾಲಿ ಇದ್ದದ್ದು ಇಪ್ಪತ್ತೆಂಟು. ಆದರೂ ಫೈಲ್ ಬಹಳ ದೊಡ್ಡದು, ಹಿಡಿಯುವುದಿಲ್ಲ ಅಂತ ಬಂತು. ಕಾರ್ಡ್ ಕೆಟ್ಟಿದೆ ಅಂದುಕೊಂಡು ಇನ್ನೊಂದು ಹಾಕಿದೆ, ಅದೇ ಮಾತು. ಕಾರಣ ಏನಪ್ಪಾ ಅಂದರೆ, 32 ಜಿಬಿ ಮತ್ತು ಅದಕ್ಕಿಂತ ಚಿಕ್ಕ ಕಾರ್ಡುಗಳು ಸಾಮಾನ್ಯವಾಗಿ ಫ್ಯಾಟ್32 ಅನ್ನುವ ಫಾರ್ಮ್ಯಾಟಿನಲ್ಲಿ ಬರುತ್ತವೆ. ಆ ಫಾರ್ಮ್ಯಾಟಿನಲ್ಲಿ ಒಂದು ಫೈಲ್ 4 ಜಿಬಿ ದಾಟುವ ಹಾಗಿಲ್ಲ. ಕಾರ್ಡಿನಲ್ಲಿ ಎಷ್ಟೇ ಜಾಗ ಇರಲಿ, ಒಂದೊಂದು ಫೈಲಿಗೆ ಮಿತಿ ಅಷ್ಟೇ.

ದಾರಿ ಸುಲಭ. ಕಾರ್ಡಿನಲ್ಲಿರುವ ಫೋಟೋ, ಹಾಡು ಎಲ್ಲ ಮೊದಲು ಬೇರೆ ಕಡೆ ಕಾಪಿ ಮಾಡಿಕೊಳ್ಳಿ, ಏಕೆಂದರೆ ಫಾರ್ಮ್ಯಾಟ್ ಮಾಡಿದರೆ ಎಲ್ಲ ಅಳಿಸುತ್ತದೆ. ಆಮೇಲೆ ವಿಂಡೋಸ್‌ನಲ್ಲಿ ಕಾರ್ಡಿನ ಮೇಲೆ ಬಲ ಕ್ಲಿಕ್ ಮಾಡಿ, ಫಾರ್ಮ್ಯಾಟ್ ಒತ್ತಿ, ಎಕ್ಸ್‌ಫ್ಯಾಟ್ ಆರಿಸಿ, ಆ ಫಾರ್ಮ್ಯಾಟಿನಲ್ಲಿ ಈ 4 ಜಿಬಿ ಮಿತಿ ಇಲ್ಲ. ಮುಗಿಯಿತು. 64 ಜಿಬಿ ಮತ್ತು ಮೇಲಿನ ಕಾರ್ಡುಗಳು ಸಾಮಾನ್ಯವಾಗಿ ಎಕ್ಸ್‌ಫ್ಯಾಟ್‌ನಲ್ಲೇ ಬರುತ್ತವೆ. ಆದರೆ ಬಹಳ ಹಳೇ ಫೋನುಗಳು ಕೆಲವು ಎಕ್ಸ್‌ಫ್ಯಾಟ್ ಓದುವುದಿಲ್ಲ, ಅಂಥ ಫೋನಿಗೆ 4 ಜಿಬಿ ಒಳಗಿನ ಫೈಲುಗಳನ್ನೇ ಹಾಕಿ. ಕನ್ನಡ ಹೇಗೂ ಹಿಡಿಯುತ್ತದೆ.

ಎರಡನೆಯದು ಇನ್ನೂ ಕೆಟ್ಟದ್ದು. ಒಂದು ಅಂಗಡಿಯಲ್ಲಿ 128 ಜಿಬಿ ಕಾರ್ಡ್ ಅರ್ಧ ಬೆಲೆಗೆ ಸಿಕ್ಕಿತು ಅಂತ ತಗೊಂಡೆ. ಫೋನಿಗೆ ಹಾಕಿದರೆ 119 ಅಂತ ತೋರಿಸಿತು. ಇದು ಸರಿಯೇ, ಒಳ್ಳೆಯ 128ರ ಕಾರ್ಡೂ ಲೆಕ್ಕದ ವ್ಯತ್ಯಾಸದಿಂದ 119 ಅಂತಲೇ ತೋರಿಸುತ್ತದೆ. ಕಾಪಿ ಆಯಿತು, ಕಿವಿಕ್ಸ್ ತೆರೆಯಿತು, ಕೆಲವು ಲೇಖನ ಬಂದವು, ಕೆಲವು ಬಿಳೀ ಪುಟ. ನಕಲಿ ಕಾರ್ಡ್. ಒಳಗೆ ಇರುವುದು ಕೆಲವೇ ಜಿಬಿ, ಹೊರಗೆ 128 ಅಂತ ಸುಳ್ಳು ಹೇಳುತ್ತದೆ. ಅಳತೆ ಮೀರಿದ ಮೇಲೆ ಬರೆದದ್ದೆಲ್ಲ ಹಾಳು. ಕಾರ್ಡ್ ಕೊಂಡ ದಿನವೇ ಲ್ಯಾಪ್‌ಟಾಪಿಗೆ ಹಾಕಿ ಎಚ್2ಟೆಸ್ಟ್‌ಡಬ್ಲ್ಯೂ ಅನ್ನುವ ಉಚಿತ ಪ್ರೋಗ್ರಾಮ್ ಓಡಿಸಿ. ಅದು ಕಾರ್ಡಿನ ತುಂಬ ಬರೆದು, ತಿರುಗಿ ಓದಿ, ಎಷ್ಟು ನಿಜವಾದ ಜಾಗ ಇದೆ ಅಂತ ಹೇಳುತ್ತದೆ. ಲಿನಕ್ಸ್‌ನಲ್ಲಿ ಎಫ್3 ಅಂತ ಇದೆ. ಒಂದೆರಡು ಗಂಟೆ ಹಿಡಿಯಬಹುದು, ಹಿಡಿಯಲಿ. ಬಿಲ್ ತಗೊಂಡಿಟ್ಟುಕೊಳ್ಳಿ, ನಕಲಿ ಅಂತ ಗೊತ್ತಾದರೆ ವಾಪಸ್ ಕೊಡಲು ಬೇಕು.

ಇನ್ನೊಂದು ಎಚ್ಚರಿಕೆ. ಹೊಸ ಕಾರ್ಡ್ ಹಾಕಿದಾಗ ಕೆಲವು ಫೋನು ಕೇಳುತ್ತವೆ, ಇದನ್ನು ಫೋನಿನ ಒಳಗಿನ ಜಾಗದ ಹಾಗೆ ಬಳಸಲೇ ಅಂತ. ಬೇಡ ಅನ್ನಿ. ಹೌದು ಅಂದರೆ ಆ ಕಾರ್ಡ್ ಆ ಫೋನಿಗೆ ಮಾತ್ರ ಅರ್ಥವಾಗುತ್ತದೆ, ತೆಗೆದು ಇನ್ನೊಂದು ಫೋನಿಗೆ ಹಾಕಿದರೆ ಓದಲು ಬರುವುದಿಲ್ಲ. ನಮಗೆ ಬೇಕಾಗಿರುವುದು ಕೈಯಿಂದ ಕೈಗೆ ಹೋಗುವ ಕಾರ್ಡು.

ಲ್ಯಾಪ್‌ಟಾಪಿನಿಂದ ಕಾರ್ಡಿಗೆ ಕಾಪಿ ಮಾಡಿದ ಝಿಮ್ ಕಿವಿಕ್ಸ್‌ನಲ್ಲಿ ಕಾಣುತ್ತಿಲ್ಲ ಅಂತ ಬಹಳ ಜನ ಕೇಳುತ್ತಾರೆ. ಪ್ಲೇ ಸ್ಟೋರಿನ ಕಿವಿಕ್ಸ್‌ಗೆ ಫೋನಿನ ಎಲ್ಲ ಫೋಲ್ಡರು ಹುಡುಕುವ ಅನುಮತಿ ಇಲ್ಲ, ಗೂಗಲ್ ನಿಯಮ ಹಾಗಿದೆ. ಅದಕ್ಕೆ ಆಪಿನಲ್ಲಿ ಫೈಲ್ ಆರಿಸುವ ಗುರುತು ಒತ್ತಿ, ನೀವೇ ಆ ಫೈಲಿನ ತನಕ ಹೋಗಿ ತೋರಿಸಬೇಕು. ಅದೂ ಆಗಲಿಲ್ಲ ಅಂದರೆ ಪ್ಲೇ ಸ್ಟೋರಿನದ್ದು ತೆಗೆದು ಕಿವಿಕ್ಸ್‌ನವರ ಸ್ವಂತ ವೆಬ್‌ಸೈಟಿನಿಂದ ಆಪ್ ಇಳಿಸಿ ಹಾಕಿಕೊಳ್ಳಿ, ಅದಕ್ಕೆ ಈ ಕಟ್ಟು ಇಲ್ಲ. ತೆಗೆಯುವ ಮುಂಚೆ ಒಂದು ಮಾತು: ಆಪಿನ ಒಳಗಿಂದಲೇ ಇಳಿಸಿದ ಪುಸ್ತಕಗಳು ಆಪಿನ ಸ್ವಂತ ಫೋಲ್ಡರಿನಲ್ಲಿರುತ್ತವೆ. ಆಪ್ ತೆಗೆದರೆ ಅವೂ ಹೋಗುತ್ತವೆ. ಹಾಗಾಗಿ ಒಂದು ಪ್ರತಿ ಪೆನ್‌ಡ್ರೈವಿನಲ್ಲೋ ಲ್ಯಾಪ್‌ಟಾಪಿನಲ್ಲೋ ಬೇರೆ ಇಡಿ.

ಇಂಗ್ಲಿಷಿನದ್ದು ಬೇಕಾದರೆ

ಬೇಕಾಗುತ್ತದೆ, ಸುಳ್ಳು ಹೇಳುವುದಿಲ್ಲ. ಅಕ್ಕನ ಊರಿನ ಪಕ್ಕದ್ದೇ ಭೀಮಗಡ ವನ್ಯಜೀವಿಧಾಮ. ಅಲ್ಲಿಯ ಬಾರಾಪೇಡೆ ಗುಹೆಗಳಲ್ಲಿ ರೌಟನ್ಸ್ ಫ್ರೀ-ಟೇಲ್ಡ್ ಬ್ಯಾಟ್ ಅನ್ನುವ ಅಪರೂಪದ ಬಾವಲಿ ಇದೆ. ಅದರ ಬಗ್ಗೆ ವಿವರವಾಗಿ ಓದಬೇಕು ಅಂದರೆ ಇಂಗ್ಲಿಷ್ ವಿಕಿಪೀಡಿಯಕ್ಕೇ ಹೋಗಬೇಕು.

ಆದರೆ ಪೂರ್ತಿ ಇಂಗ್ಲಿಷ್, ಚಿತ್ರದ ಸಮೇತ, ನೂರು ಜಿಬಿ ದಾಟುತ್ತದೆ. ಚಿತ್ರ ಬಿಟ್ಟರೆ ಅದರ ಅರ್ಧದ ಆಸುಪಾಸು. ಮಿನಿ ಹತ್ತು ಜಿಬಿ ಮೇಲೆ. ದಿನಕ್ಕೆ 2 ಜಿಬಿ ಡೇಟಾ ಇರುವವರು ಪೂರ್ತಿಯದನ್ನು ಇಳಿಸಲು ಐವತ್ತು ದಿನ ಬೇಕು, ಬೇರೇನೂ ನೋಡದೆ. ಮನೆಯಲ್ಲಿ 40 ಎಂಬಿಪಿಎಸ್ ಫೈಬರ್ ಇದ್ದರೆ ಆರು ಗಂಟೆ ಹತ್ತಿರ. ರಾತ್ರಿ ಹಚ್ಚಿ ಮಲಗಿದರೆ ಬೆಳಿಗ್ಗೆ ಆಗಿರುತ್ತದೆ.

ಇಷ್ಟು ದೊಡ್ಡದನ್ನು ಬ್ರೌಸರಿನಲ್ಲಿ ನೇರವಾಗಿ ಇಳಿಸಬೇಡಿ. ಟೊರೆಂಟ್ ಬಳಸಿ, ಅಂದರೆ ಅದೇ ಫೈಲ್ ಇರುವ ಬೇರೆಯವರ ಕಂಪ್ಯೂಟರುಗಳಿಂದ ತುಂಡು ತುಂಡಾಗಿ ಇಳಿಸಿಕೊಳ್ಳುವ ವಿಧಾನ. ಟೊರೆಂಟ್ ಅಂದ ಕೂಡಲೇ ಕಳ್ಳ ಸಿನಿಮಾ ಅಂತ ತಿಳಿಯಬೇಡಿ, ಕಿವಿಕ್ಸ್‌ನವರೇ ಪ್ರತಿ ಫೈಲಿಗೂ ಟೊರೆಂಟ್ ಕೊಟ್ಟಿದ್ದಾರೆ. ನಡುವೆ ಕರೆಂಟ್ ಹೋದರೆ ನಿಂತ ಜಾಗದಿಂದಲೇ ಮುಂದುವರಿಯುತ್ತದೆ. ಇಳಿದ ಪ್ರತಿ ತುಂಡನ್ನೂ ಸರಿಯಾಗಿದೆಯೇ ಅಂತ ತಾನೇ ನೋಡಿಕೊಳ್ಳುತ್ತದೆ, ಕೆಟ್ಟಿದ್ದರೆ ಮತ್ತೆ ತರಿಸುತ್ತದೆ. ಆಮೇಲೆ ಕಾರ್ಡಿಗೆ ಕಾಪಿ ಮಾಡಲು ಸೆಕೆಂಡಿಗೆ 10 ಎಂಬಿ ವೇಗ ಸಿಕ್ಕರೂ ಮೂರು ಗಂಟೆ ಹತ್ತಿರ ಹಿಡಿಯುತ್ತದೆ. ಪೂರ್ತಿ ಪ್ರತಿಗೆ 256ರ ಕಾರ್ಡೇ ತಗೊಳ್ಳಿ, 128ರಲ್ಲಿ ತುರುಕಿದರೆ ಬೇರೆ ಯಾವುದಕ್ಕೂ ಜಾಗ ಉಳಿಯುವುದಿಲ್ಲ.

ನನ್ನನ್ನು ಕೇಳಿದರೆ, ಕನ್ನಡ ಮಾಧ್ಯಮದ ಮಕ್ಕಳಿರುವ ಮನೆಗೆ ಪೂರ್ತಿ ಇಂಗ್ಲಿಷಿಗಿಂತ ಸಿಂಪಲ್ ಇಂಗ್ಲಿಷ್ ವಿಕಿಪೀಡಿಯ ಒಳ್ಳೆಯದು. ಚಿಕ್ಕ ವಾಕ್ಯ, ಸುಲಭ ಪದ, ಮತ್ತು ಗಾತ್ರವೂ ಕೆಲವೇ ಜಿಬಿ. ಅಕ್ಕನ ಮಗ ಒಂದೇ ವಿಷಯವನ್ನು ಮೊದಲು ಕನ್ನಡದಲ್ಲಿ, ಆಮೇಲೆ ಸಿಂಪಲ್ ಇಂಗ್ಲಿಷಿನಲ್ಲಿ ಓದುತ್ತಾನೆ. ಯಾರೂ ಹೇಳಿಕೊಟ್ಟದ್ದಲ್ಲ, ತಾನೇ ಹುಡುಕಿಕೊಂಡ ದಾರಿ. ಮೇಷ್ಟ್ರು ಯಾರಾದರೂ ಇದನ್ನು ಓದುತ್ತಿದ್ದರೆ ಫೆಟ್ ಅನ್ನುವ ವಿಜ್ಞಾನದ ಸಿಮ್ಯುಲೇಷನ್‌ಗಳೂ ಕಿವಿಕ್ಸ್ ಪಟ್ಟಿಯಲ್ಲಿವೆ, ನೋಡಿ.

ವೈದ್ಯಕೀಯ ಲೇಖನಗಳನ್ನು ಮಾತ್ರ ಸೇರಿಸಿದ ವಿಕಿಮೆಡ್ ಅಂತಲೂ ಒಂದಿದೆ. ರೋಗದ ಹೆಸರು, ಔಷಧಿಯ ಹೆಸರು ತಿಳಿಯಲು ಚೆನ್ನಾಗಿದೆ. ಆದರೆ ಹಾವು ಕಚ್ಚಿದಾಗ, ಎದೆನೋವು ಬಂದಾಗ ಫೋನ್ ಹಿಡಿದು ಓದುತ್ತಾ ಕೂರಬೇಡಿ. ಗಾಡಿ ಹುಡುಕಿ ಆಸ್ಪತ್ರೆಗೆ ಹೋಗಿ.

ಹೊರಡುವ ಮುಂಚೆ

ಹಿಂದಿನ ದಿನ ಫೋನನ್ನು ಫ್ಲೈಟ್ ಮೋಡಿಗೆ ಹಾಕಿ. ವೈಫೈ ಕೂಡ ಆಫ್ ಮಾಡಿ. ಆಗ ಕಿವಿಕ್ಸ್ ತೆರೆದು ನಾಲ್ಕೈದು ಲೇಖನ ನೋಡಿ, ಚಿತ್ರ ಬರುತ್ತದೆಯೇ ನೋಡಿ, ಒಂದು ಕೊಂಡಿ ಒತ್ತಿ ಇನ್ನೊಂದಕ್ಕೆ ಹೋಗಿ. ಮನೆಯಲ್ಲಿ ಈ ಹತ್ತು ನಿಮಿಷ ಕೊಡಿ, ಕಾಡಿನಲ್ಲಿ ಹೋಗಿ ನಿಂತಾಗ ಸರಿಮಾಡಲು ಆಗುವುದಿಲ್ಲ.

ಹುಡುಕುವುದು ಹೇಗೆ ಅನ್ನುವುದು ಕನ್ನಡದಲ್ಲಿ ಸ್ವಲ್ಪ ಕಲಿಯಬೇಕಾದ ವಿಷಯ. ಗೂಗಲ್‌ನಲ್ಲಿ ಹೇಗೆ ಟೈಪ್ ಮಾಡಿದರೂ ಅದು ಊಹೆ ಮಾಡಿ ಕೊಡುತ್ತದೆ, ಇಲ್ಲಿ ಹಾಗಲ್ಲ. "ಮಲಪ್ರಭೆಯ ಉಗಮ" ಅಂತ ಹಾಕಿದರೆ ಸಿಗದೇ ಹೋಗಬಹುದು, ಬರೀ "ಮಲಪ್ರಭಾ" ಅಂತ ಹಾಕಿ. ಅಲ್ಲಿ, ಇಂದ, ಯ, ನ್ನು ಇವೆಲ್ಲ ಬಿಟ್ಟು ಬರೀ ಹೆಸರಿನ ಮೂಲ ರೂಪ. ಪೂರ್ತಿ ಬರೆಯದೆ ಮೊದಲ ಮೂರು ನಾಲ್ಕು ಅಕ್ಷರ ಹಾಕಿ ನಿಂತು ನೋಡಿ, ಕೆಳಗೆ ಹೆಸರುಗಳು ಬರುತ್ತವೆ. ಕಾಗುಣಿತ ಬದಲಿಸಿ ನೋಡಿ, ಲ ಇದ್ದಲ್ಲಿ ಳ, ನ ಇದ್ದಲ್ಲಿ ಣ. ಊರಿನ ಹೆಸರಾದರೆ ಹಳೆಯದನ್ನೂ ಹಾಕಿ ನೋಡಿ. 2014ರ ನವೆಂಬರ್ 1ಕ್ಕೆ ಬಿಜಾಪುರ ವಿಜಯಪುರ ಆಯಿತು, ಬೆಳಗಾಂ ಬೆಳಗಾವಿ ಆಯಿತು, ಆದರೆ ಅದಕ್ಕಿಂತ ಮುಂಚೆ ಬರೆದ ಎಷ್ಟೋ ಲೇಖನಗಳ ಒಳಗೆ ಹಳೇ ಹೆಸರೇ ಇದೆ. ಗೋಳಗುಮ್ಮಟ ಹುಡುಕುವಾಗ "ಗೋಲ್ ಗುಂಬಜ್" ಅಂತಲೂ ಹಾಕಿ ನೋಡಬೇಕು. ಫೋನಿನಲ್ಲಿ ಕನ್ನಡ ಕೀಬೋರ್ಡ್ ನೆಟ್ ಇಲ್ಲದೆ ಕೆಲಸ ಮಾಡುತ್ತದೆಯೇ ಅನ್ನುವುದನ್ನೂ ಫ್ಲೈಟ್ ಮೋಡಿನಲ್ಲೇ ನೋಡಿಕೊಳ್ಳಿ, ಮಾತಾಡಿ ಟೈಪ್ ಮಾಡುವವರಿಗೆ ಇದು ಕೈಕೊಡುತ್ತದೆ.

ಇನ್ನೊಂದು, ನನಗೆ ಬಹಳ ಇಷ್ಟದ್ದು. ಕಿವಿಕ್ಸ್‌ನಲ್ಲಿ ಲೇಖನವನ್ನು ಓದಿ ಹೇಳಿಸುವ ಆಯ್ಕೆ ಇದೆ. ಅದಕ್ಕೆ ಫೋನಿನ ಸೆಟ್ಟಿಂಗ್ಸ್‌ನಲ್ಲಿ ಕನ್ನಡ ಧ್ವನಿಯನ್ನು ಮೊದಲೇ ಇಳಿಸಿಟ್ಟಿರಬೇಕು, ನೆಟ್ ಇದ್ದಾಗ. ಅಕ್ಕನ ಅತ್ತೆಗೆ ಓದಲು ಬರುವುದಿಲ್ಲ. ಒಂದು ಸಂಜೆ ಕರೆಂಟ್ ಇರಲಿಲ್ಲ, ಒಲೆ ಮುಂದೆ ಕೂತು ರೊಟ್ಟಿ ಬಡಿಯುತ್ತಿದ್ದರು. ಹುಡುಗ ಫೋನನ್ನು ಹಿಟ್ಟಿನ ಬುಟ್ಟಿ ಪಕ್ಕ ಇಟ್ಟು ಕಿತ್ತೂರು ಚೆನ್ನಮ್ಮನ ಲೇಖನ ಹಚ್ಚಿದ. 1824ರಲ್ಲಿ ಕಲೆಕ್ಟರ್ ಥ್ಯಾಕರೆ ಕಿತ್ತೂರಿನ ಕೋಟೆ ಮುಂದೆ ಸತ್ತ ಅನ್ನುವಲ್ಲಿಗೆ ಬಂದಾಗ ಅವರ ಕೈ ನಿಂತಿತು. "ಇನ್ನೊಮ್ಮೆ ಹಚ್ಚೋ ತಮ್ಮಾ, ಅಲ್ಲಿಂದ" ಅಂದರು. ಆ ಧ್ವನಿ ಯಂತ್ರದ್ದು, ಉಚ್ಚಾರ ಕೆಲವು ಕಡೆ ತಪ್ಪುತ್ತದೆ. ಆದರೂ ಅವರು ಪೂರ್ತಿ ಕೇಳಿದರು. ಬೈಲಹೊಂಗಲದಲ್ಲಿ ಚೆನ್ನಮ್ಮನ ಸಮಾಧಿ ಇದೆ, ಅಲ್ಲಿಗೆ ತಾನು ಚಿಕ್ಕವಳಿದ್ದಾಗ ಹೋಗಿದ್ದೆ ಅಂತ ಹೇಳಿದರು. ಅದು ಅವತ್ತಿನ ತನಕ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ.

ಒಂದು ಫೋನಿನಿಂದ ಹತ್ತು ಜನಕ್ಕೆ

ಕಿವಿಕ್ಸ್‌ನ ಮೆನುವಿನಲ್ಲಿ ವೈಫೈ ಹಾಟ್‌ಸ್ಪಾಟ್ ಅಂತ ಇದೆ. ನಿಮ್ಮ ಫೋನಿನ ಹಾಟ್‌ಸ್ಪಾಟ್ ಆನ್ ಮಾಡಿ, ಯಾವ ಪುಸ್ತಕ ಹಂಚಬೇಕು ಅನ್ನುವುದನ್ನು ಆರಿಸಿ, ಶುರು ಒತ್ತಿ. ಪರದೆ ಮೇಲೆ ಅಂಕಿಗಳ ಒಂದು ವಿಳಾಸ ಬರುತ್ತದೆ. ಪಕ್ಕದವರು ನಿಮ್ಮ ಹಾಟ್‌ಸ್ಪಾಟಿಗೆ ಸೇರಿ, ತಮ್ಮ ಬ್ರೌಸರಿನಲ್ಲಿ ಆ ವಿಳಾಸ ಹಾಕಿದರೆ ವಿಕಿಪೀಡಿಯ ತೆರೆಯುತ್ತದೆ. ಅವರ ಫೋನಿಗೆ ಏನೂ ಹಾಕಬೇಕಿಲ್ಲ, ಕಿವಿಕ್ಸ್ ಕೂಡ ಬೇಡ. ನಿಮ್ಮ ಮೊಬೈಲ್ ಡೇಟಾ ಮಾತ್ರ ಆಫ್ ಮಾಡಿಡಿ, ಇಲ್ಲದಿದ್ದರೆ ನೆಟ್ ಸಿಗುವ ಜಾಗದಲ್ಲಿ ಸೇರಿದವರ ಫೋನುಗಳೆಲ್ಲ ನಿಮ್ಮ ಡೇಟಾ ಕುಡಿಯುತ್ತವೆ. ವಿಳಾಸ ಅಂಕಿಗೆ ಅಂಕಿ ಸರಿಯಾಗಿ ಹಾಕಬೇಕು, ಕೊನೆಯ ಭಾಗ ಬಿಟ್ಟರೆ ತೆರೆಯುವುದಿಲ್ಲ. ಶಾಲೆಯ ಒಂದು ಕೋಣೆಗೆ ಇದು ಧಾರಾಳ ಸಾಕು.

ಹಳೇ ಲ್ಯಾಪ್‌ಟಾಪ್ ಇದ್ದರೆ ಇನ್ನೂ ಅನುಕೂಲ. ವಿಂಡೋಸ್‌ನ ಕಿವಿಕ್ಸ್ ಇನ್‌ಸ್ಟಾಲ್ ಮಾಡದೆಯೇ ಓಡುತ್ತದೆ. ಅದರ ಫೋಲ್ಡರು ಮತ್ತು ಝಿಮ್ ಫೈಲುಗಳನ್ನು ಒಂದೇ ಪೆನ್‌ಡ್ರೈವಿನಲ್ಲಿ ಇಟ್ಟುಕೊಂಡರೆ ಯಾವ ಕಂಪ್ಯೂಟರಿಗೆ ಚುಚ್ಚಿದರೂ ಅಲ್ಲೇ ತೆರೆಯಬಹುದು. ಪೆನ್‌ಡ್ರೈವ್ ಎಕ್ಸ್‌ಫ್ಯಾಟ್ ಇರಲಿ, ಮೇಲೆ ಹೇಳಿದ ಕಾರಣಕ್ಕೇ.

2009ರಲ್ಲಿ ವಿಕಿರೀಡರ್ ಅಂತ ಒಂದು ಚಿಕ್ಕ ಯಂತ್ರ ಬಂದಿತ್ತು, ಅಂಗೈ ಅಗಲದ್ದು, ಎರಡು ಸಣ್ಣ ಸೆಲ್ ಹಾಕಿದರೆ ಇಂಗ್ಲಿಷ್ ವಿಕಿಪೀಡಿಯದ ಬರಹ ತೋರಿಸುತ್ತಿತ್ತು, ಚಿತ್ರ ಇಲ್ಲ. ಆಗ ಅದಕ್ಕೆ 99 ಡಾಲರ್. ಇವತ್ತು ಮೂಲೆಗೆ ಬಿದ್ದ, ಸಿಮ್ ಇಲ್ಲದ ಹಳೇ ಫೋನು ಅದಕ್ಕಿಂತ ಎಷ್ಟೋ ಜಾಸ್ತಿ ಕೆಲಸ ಮಾಡುತ್ತದೆ. ಪರದೆ ಸ್ವಲ್ಪ ಒಡೆದಿದ್ದರೂ ಪರವಾಗಿಲ್ಲ, ಎಸೆಯಬೇಡಿ, ಗುಜರಿಗೆ ಹಾಕಬೇಡಿ. ಎಲ್ಲ ಅಳಿಸಿ, ಕಿವಿಕ್ಸ್ ಹಾಕಿ, ಹಳ್ಳಿಯ ಯಾವುದಾದರೂ ಮನೆಗೆ ಕೊಡಿ.

ಕೊಡುವುದಕ್ಕೆ ಯಾರ ಅಪ್ಪಣೆಯೂ ಬೇಕಿಲ್ಲ. ವಿಕಿಪೀಡಿಯದ ಬರಹ ಕ್ರಿಯೇಟಿವ್ ಕಾಮನ್ಸ್ ಲೈಸೆನ್ಸಿನಲ್ಲಿದೆ. ಕಾಪಿ ಮಾಡಬಹುದು, ಹಂಚಬಹುದು, ಮೂಲ ವಿಕಿಪೀಡಿಯ ಅಂತ ಹೇಳಿದರೆ ಸಾಕು. ಹಾಗಾಗಿ ಕಾರ್ಡಿನಿಂದ ಕಾರ್ಡಿಗೆ ಧೈರ್ಯವಾಗಿ ಕೊಡಿ. ನೆಟ್‌ನಿಂದ ಒಬ್ಬರು ಇಳಿಸಿದರೆ ಇಡೀ ಓಣಿಗೆ ಆಗುತ್ತದೆ.

ಹೊಸದು ಬಂದಾಗ

ಈ ಪ್ರತಿ ತಾನಾಗಿ ಹೊಸದಾಗುವುದಿಲ್ಲ. ಬದಲಾದಷ್ಟು ಮಾತ್ರ ಇಳಿಸಿಕೊಳ್ಳುವ ವ್ಯವಸ್ಥೆಯೂ ಇಲ್ಲ, ಹೊಸ ಫೈಲನ್ನು ಪೂರ್ತಿ ಇಳಿಸಬೇಕು. ಚುನಾವಣೆ, ಕ್ರಿಕೆಟ್, ಜಿಲ್ಲಾಧಿಕಾರಿ ಯಾರು, ಇಂಥವಕ್ಕೆ ಇದನ್ನು ನಂಬಬೇಡಿ. ನದಿ, ರಾಜಮನೆತನ, ಗ್ರಹ, ಪ್ರಾಣಿ, ಗಣಿತ ಇವಕ್ಕೆ ಒಂದು ವರ್ಷ ಹಳೆಯದಾದರೂ ತೊಂದರೆ ಇಲ್ಲ. ನಾನು ವರ್ಷಕ್ಕೆ ಎರಡು ಸಲ ಬದಲಿಸುತ್ತೇನೆ, ಯುಗಾದಿಗೆ ಮತ್ತು ದೀಪಾವಳಿಗೆ, ಹೇಗೂ ಅಕ್ಕನ ಮನೆಗೆ ಹೋಗುವುದು ಆಗಲೇ. ಹೊಸದು ತೆರೆಯುತ್ತದೆ ಅಂತ ಖಾತ್ರಿಯಾದ ಮೇಲೆಯೇ ಹಳೆಯದನ್ನು ಅಳಿಸಿ.

ಕನ್ನಡ ವಿಕಿಪೀಡಿಯದಲ್ಲಿ ಕೆಲವು ಲೇಖನಗಳ ಭಾಷೆ ಯಂತ್ರದಿಂದ ತರ್ಜುಮೆ ಮಾಡಿದ ಹಾಗಿದೆ, ಓದಿದರೆ ತಲೆಬುಡ ತಿಳಿಯುವುದಿಲ್ಲ. ಕೆಲವು ಎರಡೇ ಸಾಲಿನವು. ಇದನ್ನು ನೋಡಿ ಬೇಸರ ಮಾಡಿಕೊಂಡು ಬಿಡಬೇಡಿ. ಕಿವಿಕ್ಸ್‌ನಲ್ಲಿ ಪ್ರತಿ ಲೇಖನಕ್ಕೂ ಟಿಪ್ಪಣಿ ಬರೆದಿಡುವ ಜಾಗ ಇದೆ. ತಪ್ಪು ಕಂಡಲ್ಲಿ ಅಲ್ಲೇ ಬರೆದಿಡಿ. ನೆಟ್ ಸಿಗುವ ಊರಿಗೆ ಬಂದಾಗ ವಿಕಿಪೀಡಿಯ ತೆರೆದು ಆ ಲೇಖನದ ಮೇಲಿನ ಸಂಪಾದಿಸಿ ಒತ್ತಿ ತಿದ್ದಿ. ಖಾತೆ ತೆರೆದು ತಿದ್ದಿದರೆ ಒಳ್ಳೆಯದು, ಆಧಾರ ಇದ್ದರೆ ಅದನ್ನೂ ಹಾಕಿ. ಮುಂದಿನ ಝಿಮ್ ತಯಾರಾಗುವಾಗ ನಿಮ್ಮ ತಿದ್ದುಪಡಿಯೂ ಅದರೊಳಗೆ ಬಂದಿರುತ್ತದೆ.

ಹೋದ ದೀಪಾವಳಿಗೆ ಅಕ್ಕನ ಮಗ ತನ್ನ ಟಿಪ್ಪಣಿಗಳನ್ನೆಲ್ಲ ಒಂದು ನೋಟ್‌ಬುಕ್ಕಿಗೆ ಇಳಿಸಿ ನನ್ನ ಕೈಗೆ ಕೊಟ್ಟ. ಹದಿನಾಲ್ಕು ಇದ್ದವು. ಒಂದರಲ್ಲಿ ಅವರ ಕಡೆಯ ಒಂದು ಹಳ್ಳಿಯ ಹೆಸರಿನ ಕಾಗುಣಿತ ತಪ್ಪಾಗಿದೆ ಅಂತ ಎರಡು ಗೆರೆ ಎಳೆದು ಬರೆದಿದ್ದ. ಬೆಳಗಾವಿಗೆ ಬಂದ ರಾತ್ರಿಯೇ ಅದನ್ನು ತಿದ್ದಿದೆ. ಯುಗಾದಿಗೆ ಹೊಸ ಫೈಲ್ ತಗೊಂಡು ಹೋದಾಗ ಅವನು ಹಬ್ಬದ ಊಟಕ್ಕೂ ಕೂರದೆ ಮೊದಲು ಆ ಹಳ್ಳಿಯ ಪುಟ ತೆರೆದ, ಹೆಸರಿನ ಮೇಲೆ ಬೆರಳಿಟ್ಟು ಅಕ್ಕನಿಗೆ ತೋರಿಸಿದ.